ಫ್ಯಾನಿನ ರೆಕ್ಕೆಯ ಮೇಲಿನ ಹೆಸರು

ರಾಣೆಬೆನ್ನೂರಿನಲ್ಲಿ ಓದುವ ಬಡ ಹುಡುಗರ ಒಂದು ಉಚಿತ ಪ್ರಸಾದ ನಿಲಯದಲ್ಲಿ ದಾನಿಗಳ ಹೆಸರಿಲ್ಲದ ವಸ್ತುವೇ ಇರಲಿಲ್ಲ. ಗೋಡೆ, ಫ್ಯಾನಿನ ರೆಕ್ಕೆ, ಬೆಂಚು, ತಟ್ಟೆ, ಎಲ್ಲದರ ಮೇಲೂ ಹೆಸರು. ಟ್ಯೂಬ್‌ಲೈಟಿನ ಬೆಳಕಂತೂ ಅಕ್ಷರಗಳ ಸಂದಿಯಲ್ಲಿ ನುಸುಳಿಕೊಂಡೇ ಕೆಳಗಿಳಿಯಬೇಕಿತ್ತು.

ಹೊಸ ಅಧ್ಯಕ್ಷ ಕೊಟ್ರಬಸಪ್ಪನವರು ದಾನಿಗಳ ವಿವರ ಇಡಲೆಂದು ಸ್ವಂತ ದುಡ್ಡಿನಲ್ಲಿ ಕಂಪ್ಯೂಟರ್ ತಂದುಕೊಟ್ಟರು. ಗುಮಾಸ್ತ ಎಲ್ಲರ ಹೆಸರನ್ನೂ ಅದಕ್ಕೆ ಏರಿಸಿದ.

"ಇನ್ನ ಗ್ವಾಡಿ, ಫ್ಯಾನು ಎಲ್ಲಾ ಒರಿಸಿಬಿಡ್ರಿ. ಹೆಸರು ಇದ್ದರ ಕಂಪ್ಯೂಟರಿನಾಗ ಇರಲಿ," ಎಂದು ಅಧ್ಯಕ್ಷರು ಅಪ್ಪಣೆ ಕೊಟ್ಟರು.

ಇದರ ಪರಿಣಾಮ ಗುಮಾಸ್ತನಿಗೆ ಗೊತ್ತಿತ್ತು. ಇಲ್ಲಿಯ ದಾನಿಗಳು ವರ್ಷಕ್ಕೊಮ್ಮೆ ಬಂದು, ತಲೆಯೆತ್ತಿ ತಮ್ಮ ಫ್ಯಾನು ನೋಡಿ, ಆಮೇಲೆ ಅಕ್ಕಿ ಮೂಟೆ ಇಳಿಸುವವರು. ಹೆಸರು ಹೋದರೆ ಹುಡುಗರ ಊಟವೂ ಹೋದಂತೆ. ಆದರೂ "ಆಗಲ್ರಿ ಸಾಹೇಬ್ರ" ಎಂದ.

ಮರುದಿನ ಅಧ್ಯಕ್ಷರು ಬಂದಾಗ ಹೆಬ್ಬಾಗಿಲಿಗೆ ಏಣಿ ಹಾಕಿತ್ತು. ಮೇಲೆ ಕಲ್ಲುಕುಟಿಗ ನಿಂತಿದ್ದ. ಅವನ ಉಳಿ ಇದ್ದದ್ದು ಅಧ್ಯಕ್ಷರ ತಂದೆಯ ಹೆಸರು ಕೆತ್ತಿದ ಕಲ್ಲಿನ ಮೇಲೆ.

"ಏ, ಏನ್ ಮಾಡಾಕತ್ತೀಯೋ!"

"ಗಾಬರಿ ಆಗಬ್ಯಾಡ್ರಿ," ಎಂದ ಗುಮಾಸ್ತ. "ಅಪ್ಪಾರ ಹೆಸರು ಕಂಪ್ಯೂಟರಿನಾಗ ಭದ್ರ ಐತ್ರಿ. ಪಾಸ್‌ವರ್ಡ್ ಹಾಕಿದ್ರ ಕಾಣ್ತೈತಿ. ಕರೆಂಟ್ ಇದ್ದರ."

ಅಧ್ಯಕ್ಷರು ಕಲ್ಲನ್ನು ನೋಡಿದರು. ಉಳಿಯನ್ನು ನೋಡಿದರು. "ಹಳೇದೂ ಇರಲಿ, ಹೊಸಾದೂ ಇರಲಿ," ಎಂದು ಒಳಗೆ ನಡೆದರು.

ಮುಂದಿನ ವಾರ ಅವರೇ ಪೇಂಟರನ್ನು ಕರೆಸಿದರು. ಈಗ ಅಲ್ಲಿ ಯಾವ ದಾನಿಯ ವಿವರ ಬೇಕಾದರೂ ಗುಮಾಸ್ತ ಕತ್ತು ಓರೆ ಮಾಡಿ, ಕಂಪ್ಯೂಟರಿನ ಪರದೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ "ದಾನಿಗಳು: ಶ್ರೀ ಕೊಟ್ರಬಸಪ್ಪನವರು" ಎಂಬ ಅಕ್ಷರಗಳ ಸಂದಿಯಲ್ಲಿ ಇಣುಕಿ ನೋಡುತ್ತಾನೆ.