ಪರದೆಯ ಹಿಂದಿನ ಗಂಟೆ

"ಕೇಳ್ರಪ್ಪೋ ಕೇಳ್ರಿ! ಹುಣ್ಣಿಮಿ ದಿನ ಮಹಾರಾಜರು ಒಡ್ಡೋಲಗದಾಗ ಮೂರು ಒಗಟು ಹಾಕ್ತಾರ. ಮೂರನ್ನೂ ಬಿಡಿಸಿದವ ಬೇಡಿದ್ದು ಕೊಡ್ತಾರ. ಒಂದು ತಪ್ಪಿದ್ರೂ ತಲಿ ತಗೀತಾರ. ಕೇಳಿಲ್ಲ ಅನಬ್ಯಾಡ್ರಪ್ಪೋ!"

ಡಂಗುರ ಸಾರಿದವನು ಮುಂದಿನೂರಿಗೆ ಹೋದ. ಕೇಳಿದವರು ಕತ್ತು ಸವರಿಕೊಂಡು ಮನೆ ಸೇರಿದರು. ಹಾಲಪ್ಪನೊಬ್ಬನೇ ಕಂಬಳಿ ಹೆಗಲಿಗೇರಿಸಿದ. ಕಳೆದುಕೊಳ್ಳಲು ಅವನ ಬಳಿ ತಲೆಯ ಹೊರತು ಬೇರೇನೂ ಉಳಿದಿರಲಿಲ್ಲ.

ಅವನದು ಅಪ್ಪ ಅವ್ವ ಬೆಳೆಸಿದ ಪುಟ್ಟ ಮಾವಿನ ತೋಟ. ಅವರು ತೀರಿಕೊಂಡ ಮೇಲೆ ಅವನೂ ಅಣ್ಣ ಕೆಂಚಪ್ಪನೂ ಕೂಡಿ ಕಸಿ ಕಟ್ಟಿ, ನೀರು ಹಾಯಿಸಿ, ಹುಲ್ಲಿನಲ್ಲಿ ಹಣ್ಣು ಮಾಗಿಸಿ ಬಾಳುವೆ ಮಾಡುತ್ತಿದ್ದರು. ಈ ಬೇಸಿಗೆಯಲ್ಲಿ ಆ ಹಣ್ಣಿನ ರುಚಿಯ ಸುದ್ದಿ ಹೇಗೋ ಅರಮನೆ ಮುಟ್ಟಿತು. ಇಂಥ ಹಣ್ಣು ಅರಸನಿಗೇ ಸಲ್ಲಬೇಕೆಂದು ರಾಜಭಟರು ಬಂದು ತೋಟಕ್ಕೆ ಬೇಲಿ ಹಾಕಿದರು. ಒಗಟು ಬಿಡಿಸಿ ತೋಟವನ್ನೇ ಬೇಡಬೇಕೆಂದು ಹಾಲಪ್ಪ ಹೊರಟು ನಿಂತ.

ಕೆಂಚಪ್ಪ ಅವನ ಕೈ ಹಿಡಿದು ಗೊಳೋ ಎಂದು ಅತ್ತ. "ಹೋಗಬ್ಯಾಡೋ ತಮ್ಮಾ! ತ್ವಾಟ ಹೋದ್ರ ಹೋಗ್ಲಿ. ನನಗ ಇರಾಂವ ನೀ ಒಬ್ಬಾಂವ!"

ಇಂಥ ಅಣ್ಣನಿಗಾಗಿಯಾದರೂ ಗೆದ್ದು ಬರಬೇಕೆಂದುಕೊಂಡು ಹಾಲಪ್ಪ ಹೊರಟ.

ಒಡ್ಡೋಲಗದಲ್ಲಿ ಅರಸನ ಪಕ್ಕ ಒಂದು ಕೆಂಪು ಪರದೆ ಇಳಿಬಿಟ್ಟಿತ್ತು. ಉತ್ತರ ಬಲ್ಲವನು ಅದರ ಹಿಂದೆ ಕೂತಿದ್ದಾನೆ, ಅವನು ಗಂಟೆ ಬಾರಿಸಿದರೆ ಉತ್ತರ ಸರಿ, ಬಾರಿಸದಿದ್ದರೆ ತಪ್ಪು ಎಂದು ಮಂತ್ರಿ ಸಾರಿದ. ಹಾಲಪ್ಪನ ಮುಂದೆ ಸಾಲಿನಲ್ಲಿ ಇಬ್ಬರಿದ್ದರು. ಮೊದಲನೆಯವನು ಮೀಸೆಗೆ ಎಣ್ಣೆ ಹಚ್ಚಿದ ಪಾಳೇಗಾರನ ಮಗ.

ಅರಸ ಕೇಳಿದ: "ಸುಗ್ಗಿ ಮುಗಿದ ಮನೆಯಲ್ಲಿ ಒಬ್ಬನನ್ನೇ ಬಿಟ್ಟು ಬರುತ್ತಾರೆ. ಬಿಟ್ಟವರು ಅವನನ್ನು ಉಣ್ಣುವುದಿಲ್ಲ, ಉಂಡವರು ಅವನನ್ನು ಬೆಳೆದವರಲ್ಲ. ಯಾರವನು?"

"ಬೆದರುಬೊಂಬೆ!" ಎಂದ ಪಾಳೇಗಾರನ ಮಗ. ಗಂಟೆ ಬಾರಿಸಲಿಲ್ಲ. ಭಟರು ಅವನನ್ನು ಎಳೆದೊಯ್ದರು. ಅವನ ಹಿಂದಿದ್ದ ರೇಷ್ಮೆ ವ್ಯಾಪಾರಿ ತೊದಲುತ್ತ "ಕಾವಲು ನಾಯಿ" ಎಂದ. ಅವನನ್ನೂ ಒಯ್ದರು.

ಹಾಲಪ್ಪ ಅವರ ಕಡೆ ನೋಡಲೇ ಇಲ್ಲ. ಒಗಟು ಕಿವಿಗೆ ಬಿದ್ದಾಗಲೇ ಅವನಿಗೆ ಗುರುತು ಸಿಕ್ಕಿತ್ತು. ಅದು ಅವನ ಅವ್ವ ಕಟ್ಟಿದ ಒಗಟು. ಕಸಿ ಕಟ್ಟುವಾಗ ಒಬ್ಬರು ಒಳ್ಳೆ ತಳಿಯ ಕಡ್ಡಿಯನ್ನು ಕಾಡು ಗಿಡಕ್ಕೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಾರು ಸುತ್ತಬೇಕು, ಕೈ ಅಲುಗಿದರೆ ಕಸಿ ಕೂಡುವುದಿಲ್ಲ. ಮಕ್ಕಳ ಕೈ ನಿಲ್ಲಲೆಂದು ಅವ್ವ ಒಗಟು ಹಾಕುತ್ತಿದ್ದಳು, ಗಂಟು ಬಿಗಿಯುವುದರೊಳಗೆ ಉತ್ತರ ಹೇಳಬೇಕು. ಆ ಒಗಟುಗಳು ತೋಟದ ಬೇಲಿ ದಾಟಬಾರದೆಂದು ಮನೆಯ ಕಟ್ಟಳೆ. ಈಗ ಅವ್ವ ಇಲ್ಲ. ಅವನ್ನು ಬಲ್ಲವರು ಭೂಮಿಯ ಮೇಲೆ ಇಬ್ಬರೇ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಹಾಲಪ್ಪನಿಗೆ ಸಾವಿನ ಭಯವೂ ಮರೆತುಹೋಯಿತು.

"ಮರದ ತುದ್ಯಾಗ ಗಿಳಿಗೆ ಅಂತ ಬಿಟ್ಟ ಕಡೀ ಹಣ್ಣು," ಎಂದ ಪರದೆಯನ್ನೇ ನೋಡುತ್ತ. "ಬೆಳೆದವರು ಅದನ್ನ ಮುಟ್ಟಂಗಿಲ್ಲ." ಗಂಟೆ ಬಾರಿಸಿತು.

"ಹುಟ್ಟುವಾಗ ಸಾವಿರ, ಗಾಳಿ ಬೀಸಿದಾಗ ನೂರು, ಮನೆಗೆ ಬರುವಾಗ ಹತ್ತು. ಇಷ್ಟು ಮಕ್ಕಳು ಹೋದರೂ ತಾಯಿ ಅಳುವುದಿಲ್ಲ. ಯಾರು?"

"ಮಾವಿನ ಹೂವು. ಎಲ್ಲಾ ಕಾಯಿ ಕಟ್ಟಿದ್ರ ಟೊಂಗಿ ಮುರೀತದ." ಗಂಟೆ ತಡೆದು ಬಾರಿಸಿತು.

ಅರಸ ಮುಂದಕ್ಕೆ ಬಾಗಿದ. "ನನ್ನ ಪಾದದಲ್ಲೇ ಹುಟ್ಟುತ್ತಾನೆ, ನನಗಿಂತ ಮೊದಲು ನನ್ನ ನೀರು ಕುಡಿಯುತ್ತಾನೆ, ನನ್ನ ಹಾಗೆಯೇ ಹಸಿರಾಗಿರುತ್ತಾನೆ. ಕನಿಕರಪಟ್ಟು ಬಿಟ್ಟರೆ ನನ್ನನ್ನೇ ಕೊಲ್ಲುತ್ತಾನೆ. ಯಾರು?"

ಹಾಲಪ್ಪ ಪರದೆಯತ್ತ ತಿರುಗಿದ. "ಕಸಿ ಗಂಟಿನ ಕೆಳಗ ಒಡೆಯೋ ಕಾಡು ಚಿಗುರು. ಅದು ಬೇರಿನ ನೀರೆಲ್ಲಾ ಹೀರಿ ಮ್ಯಾಲಿನ ಕಸಿ ಒಣಗಿಸ್ತದ. ಹೊರಗಿಂದ ಮರ ಹಸಿರಽ ಕಾಣ್ತದ, ಹಣ್ಣು ಮಾತ್ರ ಹುಳಿ."

ಗಂಟೆ ಬಾರಿಸಲಿಲ್ಲ.

ಭಟರು ಬಂದು ಹಾಲಪ್ಪನ ತೋಳು ಹಿಡಿದರು. ಅವನು ಕೊಸರಲಿಲ್ಲ, ಪರದೆಗೆ ಕೇಳುವಂತೆ ಹೇಳಿದ. "ಅಣ್ಣಾ, ಸಣ್ಣಾಂವ ಇದ್ದಾಗ ಚಿಗುರು ಚೆಂದ ಐತಿ ಅಂತ ನೀನಽ ಒಂದು ಗಿಡದಾಗ ಬಿಟ್ಟಿದ್ದಿ. ಮರ ಪೂರಾ ಹುಳಿ ಆತು. ಅವತ್ತಽ ಅವ್ವ ಈ ಒಗಟು ಕಟ್ಟಿದಳು. ನೀ ಅಳ್ತಿದ್ದಿ, ನಾ ನಿನ್ನ ಕಣ್ಣು ಒರೆಸಿದ್ದೆ."

ಅರಸ ತಾನೇ ಎದ್ದು ಪರದೆ ಸರಿಸಿದ. ಅವ್ವನ ಒಗಟು ಕೊಟ್ಟು ಪಡೆದ ಅರಮನೆ ತೋಟದ ಯಜಮಾನಿಕೆಯ ಜರಿಪೇಟ ಸುತ್ತಿಕೊಂಡು ಕೆಂಚಪ್ಪ ಕೂತಿದ್ದ. ಗಂಟೆ ಸದ್ದಾಗದಂತೆ ಅದರ ನಾಲಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದ. ಉತ್ತರ ಸರಿಯೆಂಬುದಕ್ಕೆ ಅರಸನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

"ಅವತ್ತು ಕೈ ಹಿಡಿದು ಅತ್ತಿಯಲ್ಲಾ," ಎಂದ ಹಾಲಪ್ಪ, "ಅದು ನನ್ನ ತಲಿಗೋ, ಈ ಪೇಟಕ್ಕೋ?"

ಕೆಂಚಪ್ಪನ ಮುಷ್ಟಿ ಸಡಿಲಾಯಿತು. ಆಗ ಗಂಟೆ ಬಾರಿಸಿತು.

ಸಭೆಯೆದುರು ಕೊಟ್ಟ ಮಾತು, ಅರಸ ತಪ್ಪುವಂತಿರಲಿಲ್ಲ. ತೋಟ ಹಾಲಪ್ಪನದಾಯಿತು, ಬೇಲಿ ಕಿತ್ತರು. "ಇವನ ತಲೆ?" ಎಂದು ಅರಸ ಕೇಳಿದಾಗ ಹಾಲಪ್ಪ, "ಬ್ಯಾಡ್ರಿ. ಅದೂ ನಮ್ಮವ್ವನದಽ," ಎಂದ. "ಆದ್ರ ಇನ್ನ ನನ್ನ ತ್ವಾಟಕ್ಕ ಬರಬಾರದು." ಕೆಂಚಪ್ಪ ಪೇಟ ಬಿಚ್ಚಿಟ್ಟು ಹೊರಗೆ ನಡೆದ. ಹಾಲಪ್ಪ ಕರೆಯಲಿಲ್ಲ.

ಮೊದಲ ಮಳೆ ಬಿದ್ದು ಕಸಿಯ ಕಾಲ ಬಂತು. ಹಾಲಪ್ಪ ಗಿಡದ ಮುಂದೆ ಕೂತು, ಕಡ್ಡಿಯನ್ನು ಎಡಗೈಯಲ್ಲಿ ಒತ್ತಿಹಿಡಿದು, ನಾರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ರೂಢಿಯಂತೆ ಹಲ್ಲಿನ ಸಂದಿಯಿಂದಲೇ ಅವ್ವನ ಮೊದಲ ಒಗಟು ಹಾಕಿ, ಉತ್ತರಕ್ಕೆ ಕಾದ. ಕಡ್ಡಿಯ ಕೊಯ್ದ ತುದಿ ಒಣಗುತ್ತ ಬಂತು. ಕೊನೆಗೆ ಉತ್ತರವನ್ನೂ ತಾನೇ ಹೇಳಿಕೊಂಡು ಗಂಟು ಬಿಗಿದ.