ಒದೆಯುವ ಹಬ್ಬ ಮತ್ತು ಸಿಟ್ಟಿನ ಬಾಳೆಯಮ್ಮ

ಒಂದಾನೊಂದು ಊರಿನಲ್ಲಿ, ದೂರದ ಥಾಯ್ ಸೀಮೆಯಲ್ಲಿ, ಒಬ್ಬ ರಾಜ ಇದ್ದ. ಅವನಿಗೆ ಮುಯ್ ಥಾಯ್ ಅಂದರೆ ಪ್ರಾಣ. ನಮ್ಮಲ್ಲಿ ಗರಡಿ ಇಲ್ಲವೇ, ಹಾಗೆ ಅಲ್ಲಿಯದು ಅದು. ಮುಷ್ಟಿ, ಮೊಣಕೈ, ಮೊಣಕಾಲು, ಕಾಲು, ಎಲ್ಲದರಲ್ಲೂ ಹೊಡೆಯೋದು. ತಲೆಗೆ ಕೆಲಸವಿಲ್ಲ ಅಂದುಕೊಂಡಿದ್ದ ರಾಜ. ಅದಕ್ಕೇ ಅವನಿಗೆ ಅಷ್ಟು ಇಷ್ಟ.

ಡಂಗುರ ಹೊಡೆಸಿದ. "ನಾಳೆ ದೇಶಕ್ಕೆಲ್ಲ ರಜೆ. ಮುಯ್ ಥಾಯ್ ಹಬ್ಬ. ಜಟ್ಟಿ ತೋಂಗನ ಬಲಗಾಲಿಗೆ ಹಾರ. ಚಪ್ಪರಕ್ಕೆ ಬಾಳೆಕಂಬ."

ತೋಂಗ ಒದೆಯೋದು ಕಲಿತದ್ದು ಒಂದು ಬಾಳೆಗಿಡಕ್ಕೆ ಒದ್ದು ಒದ್ದು. ಆಳುಗಳು ಕತ್ತಿ ಹಿಡಿದು ಬಂದದ್ದೂ ಅದೇ ಗಿಡಕ್ಕೆ. ಜೊತೆಗೆ ತೋಂಗನೂ ಬಂದಿದ್ದ. ಗಿಡದಲ್ಲಿ ಇನ್ನೂ ಬಲಿಯದ ಗೊನೆ.

ಬಾಳೆಗೆ ಸಿಟ್ಟು ಬಂತು. ಎಲೆಯೆಲ್ಲ ಸೀಳಿಹೋಗುವಂಥ ಸಿಟ್ಟು.

"ವರ್ಷವೆಲ್ಲ ಒದೆ ತಿಂದವಳು ನಾನು. ಹಾರ ಅವನ ಕಾಲಿಗೆ, ಕತ್ತಿ ನನಗಾ? ಎಳೆ ಕೂಸು ಹೊತ್ತಿದ್ದೀನಿ, ಕಣ್ಣಿಲ್ಲವೇನ್ರೋ?"

"ಹಬ್ಬಕ್ಕೆ ಬಾಳೆ ಕಡಿಯೋದು ಪದ್ಧತಿ, ತಾಯಿ" ಅಂದರು ಆಳುಗಳು.

"ಪದ್ಧತಿ ಅಂದರೆ ಪದ್ಧತಿ. ಕಾದಾಡೋ ಮುಂಚೆ ಯಾರಿಗೆ ನಮಸ್ಕಾರ?" ಅಂದಳು ಬಾಳೆ.

"ಗುರುವಿಗೆ. ಗುರುವಿಗೆ ಅಡ್ಡಬೀಳದೆ ಕಾಲೆತ್ತುವ ಹಾಗಿಲ್ಲ."

ತೋಂಗನ ಬಲಗಾಲು ಇದನ್ನು ಕೇಳಿಸಿಕೊಂಡಿತು. ನಿಯತ್ತಿನ ಕಾಲು. "ಈ ಬಾಳೆಯಮ್ಮನೇ ನನ್ನ ಗುರು. ಇವಳನ್ನು ಕಡಿದರೆ ನಾನು ಏಳೋದಿಲ್ಲ" ಅಂತ ನೆಲ ಕಚ್ಚಿತು. ತೋಂಗ ಎಳೆದ, ಬರಲಿಲ್ಲ. ಆಳುಗಳು ಎಳೆದರು, ಬರಲಿಲ್ಲ. ಆನೆ ಎಳೆಯಿತು. ನೆಲ ಬಂತು, ಕಾಲು ಬರಲಿಲ್ಲ.

ರಾಜ ಕೂಗಾಡುತ್ತಾ ಬಂದ. "ನಿಂತಲ್ಲಿ ನಿಂತು ಒದೆಸಿಕೊಳ್ಳೋದೂ ಒಂದು ವಿದ್ಯೆಯಾ? ನಾನೂ ನಿಲ್ಲಬಲ್ಲೆ."

"ನಿಲ್ಲು ಮಗನೇ" ಅಂದಳು ಬಾಳೆ. "ಒದೆ ತಿಂದು ಗೊನೆ ಹಾಕು. ನನ್ನದಕ್ಕಿಂತ ದೊಡ್ಡದಾದರೆ ನನ್ನನ್ನು ಕಡಿ. ಏಳು ಕಾಲೇ."

ಗುರುವಿನ ಅಪ್ಪಣೆ. ಕಾಲು ಎದ್ದಿತು. ಬಾಳೆಗೆ ನಮಸ್ಕಾರ ಮಾಡಿತು, ರಾಜನಿಗೆ ಒಂದು ಬಿಟ್ಟಿತು. ರಾಜನಿಂದ ಗೊನೆ ಬರಲಿಲ್ಲ. "ಅಮ್ಮಾ" ಅಂತ ಬಂತು.

"ಇಲ್ಲೇ ಇದ್ದೀನಿ" ಅಂದಳು ಬಾಳೆ. "ಇನ್ನೊಂದು ಹಾಕು ಕಾಲೇ. ಹೂವಾದರೂ ಬಿಡಲಿ."

ಇವತ್ತಿಗೂ ಆ ಹಬ್ಬದಲ್ಲಿ ಚಪ್ಪರದ ಬಾಗಿಲಿಗೆ ಬಾಳೆ ಕಟ್ಟೋದಿಲ್ಲ. ರಾಜನೇ ನಿಂತಿರುತ್ತಾನೆ, ಗೊನೆ ಯಾವಾಗ ಬರುತ್ತೋ ಅಂತ. ಬಾಳೆಯಮ್ಮನ ಗೊನೆ ಗಿಡದಲ್ಲೇ ಹಣ್ಣಾಯಿತು. ಊರೆಲ್ಲ ತಿಂದಿತು. ರಾಜನಿಗೆ ಸಿಪ್ಪೆ.

ನೀತಿ ಏನು ಅಂದಿರಾ? ಒದೆಯುವ ಕಾಲಿಗೆ ಹಾರ ಹಾಕುವವರು ಮೊದಲು ಒಂದು ತಿಂದು ನೋಡಲಿ. ಕತೆ ಅದರ ಮನೆಗೆ ಹೋಯಿತು. ಸಿಟ್ಟು ಮಾತ್ರ ಇಲ್ಲೇ ಕೂತಿದೆ, ನನ್ನ ಪಕ್ಕದಲ್ಲಿ.