ಕಡಲಮ್ಮ ಡಬ್ಬಿ ವಾಪಸ್ ಕೊಡಲು ಹೊರಟದ್ದು

ಜಗತ್ತಿಗೆ ಬಳಿದ ಬಣ್ಣ ಇನ್ನೂ ಒಣಗಿರಲಿಲ್ಲ. ಬೆಟ್ಟ ಮುಟ್ಟಿದರೆ ಬೆರಳಿಗೆ ಹಸಿರು ಹತ್ತುತ್ತಿತ್ತು. ಆಗ ಕಡಲಿಗೆ ಅಲೆಗಳೇ ಇರಲಿಲ್ಲ. ಕಡಲಮ್ಮ ಬಟ್ಟಲಲ್ಲಿ ಆರಲು ಇಟ್ಟ ಗಂಜಿಯ ಹಾಗೆ ಅಲ್ಲಾಡದೆ ಮಲಗಿರುತ್ತಿದ್ದಳು. ದೊಡ್ಡ ಮನೆತನದ ಹೆಂಗಸು ನೋಡು. ಹೊಳೆಗಳೆಲ್ಲ ತನ್ನ ಮನೆಗೆ ಬರಬೇಕು, ತಾನು ಮಾತ್ರ ಯಾರ ಹೊಸ್ತಿಲೂ ತುಳಿಯಬಾರದು ಎಂಬ ಬಿಗುಮಾನ.

ದಂಡೆಯಲ್ಲಿ ಒಂದು ಕೇರಿ. ಅದರ ಮೊದಲ ಮನೆ ಸೋಮಕ್ಕನದು. ಮನೆಯಲ್ಲಿ ಪಾಯಸ ಕುದಿದ ದಿನ ಸೋಮಕ್ಕ ಒಂದಿಷ್ಟನ್ನು ಬಾಳೆಎಲೆಯ ದೊನ್ನೆಗೆ ಹಾಕಿ ನೀರಿಗೆ ತೇಲಿಬಿಡುತ್ತಿದ್ದಳು. ಕಡಲಮ್ಮ ಪಾಯಸವನ್ನೂ ತಿನ್ನುತ್ತಿದ್ದಳು, ದೊನ್ನೆಯನ್ನೂ ತಿನ್ನುತ್ತಿದ್ದಳು. ಆಮೇಲೆ ಏಡಿಯ ಕೈಯಲ್ಲಿ ಮೂರೋ ನಾಲ್ಕೋ ಬಂಗುಡೆ ಮೀನು ಕಳಿಸುತ್ತಿದ್ದಳು. ಎಲೆ ಕರಗುತ್ತಿತ್ತು, ಸ್ನೇಹ ಉಳಿಯುತ್ತಿತ್ತು.

ಸೋಮಕ್ಕನ ಗಂಡ ಮಂಕಾಳ ಸುಮ್ಮನೆ ಕೂರುವ ಆಸಾಮಿಯಲ್ಲ. ಏನನ್ನೋ ಕುದಿಸಿ, ಏನನ್ನೋ ಬೆರೆಸಿ, ಒಡೆಯದ, ಕೊಳೆಯದ, ಕರಗದ ಡಬ್ಬಿಯೊಂದನ್ನು ಮಾಡಿದ. ಪ್ಲಾಸ್ಟಿಕ್ ಡಬ್ಬಿ. ಆ ಕಾಲದಲ್ಲಿ ಪ್ಲಾಸ್ಟಿಕ್ ಎಲ್ಲಿತ್ತು ಅನ್ನುತ್ತೀಯಾ? ನೀನು ಅಲ್ಲಿದ್ದೆಯಾ? ಇರಲಿಲ್ಲ ತಾನೆ, ಸುಮ್ಮನೆ ಕೇಳು.

ಮುಂದಿನ ಹಬ್ಬದ ಪಾಯಸ ಆ ಡಬ್ಬಿಯಲ್ಲಿ ಹೋಯಿತು. ಕಡಲಮ್ಮ ಪಾಯಸ ತಿಂದು ಡಬ್ಬಿಯನ್ನು ಅಗಿದಳು. ಅದು ಕರಗಲಿಲ್ಲ. ನುಂಗಿದಳು, ಅರಗಲಿಲ್ಲ. ಓಹೋ, ಇದು ಪಾತ್ರೆ ಎಂದು ಆಗ ಹೊಳೆಯಿತು. ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ಕೊಡುವ ರೂಢಿ ಎಲ್ಲೂ ಇಲ್ಲ. ನಿಮ್ಮ ಮನೆಯಲ್ಲೂ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿಯೇ ಕೊಡುತ್ತಾರೆ. ಕಡಲಮ್ಮ ಡಬ್ಬಿ ತುಂಬ ಬೂತಾಯಿ ಮೀನು ತುಂಬಿ ಏಡಿಯ ಬೆನ್ನಿಗೆ ಹೇರಿದಳು.

ಕೇರಿಯವರು ಅದನ್ನು ನೋಡಿಬಿಟ್ಟರು. ಡಬ್ಬಿ ಹೋಯಿತು, ಮೀನು ಬಂತು. ಪಾಯಸದ ಖರ್ಚಾದರೂ ಯಾಕೆ? ಮಂಕಾಳ ಡಬ್ಬಿಯ ಮೇಲೆ ಡಬ್ಬಿ ಮಾಡಿದ. ಕೇರಿ ಕೇರಿಯೇ ಖಾಲಿ ಡಬ್ಬಿಗಳನ್ನು ನೀರಿಗೆಸೆದು, ಸಾರಿಗೆ ಮಸಾಲೆ ಅರೆದಿಟ್ಟು, ದಂಡೆಯಲ್ಲಿ ಕಾಲು ಚಾಚಿ ಕುಳಿತಿತು.

ಏಡಿ ಪಾಪ, ಹೊತ್ತೂ ಹೊತ್ತೂ ಒಂದು ಕಡೆಗೆ ವಾಲಿತು. ಅಂದಿನಿಂದ ಅದರ ನಡಿಗೆ ಅಡ್ಡಡ್ಡ. ಅದು ಹುಟ್ಟಿದ್ದೇ ಹಾಗೆ ಎನ್ನುವವರೂ ಇದ್ದಾರೆ. ಅವರು ಹೊರೆ ಹೊತ್ತವರಲ್ಲ.

ಏಡಿ ಹೊತ್ತು ಮುಗಿಸಲಾಗದಷ್ಟು ಡಬ್ಬಿಗಳು ಕಡಲಮ್ಮನ ಹೊಟ್ಟೆಯಲ್ಲಿ ರಾಶಿ ಬಿದ್ದವು. ಒಂದು ಮಧ್ಯಾಹ್ನ ಆಮೆ ಆ ರಾಶಿಯ ಹತ್ತಿರ ಬಂತು. ಹಳೆಯ ಡಬ್ಬಿಯೊಂದರ ತಳದಲ್ಲಿ ಏಲಕ್ಕಿಯ ಘಮ. ಆಮೆ ತಲೆ ತೂರಿಸಿತು. ತಲೆ ಒಳಗೆ ಹೋಯಿತು, ಹೊರಗೆ ಬರಲಿಲ್ಲ.

ಆಮೆ ಉಸಿರಿಗೆ ಮೇಲೆ ಬರಬೇಕಲ್ಲ, ಬಂತು. ಆದರೆ ತಲೆಗೆ ಡಬ್ಬಿ ಬಿಗಿದಿದ್ದರೆ ಗಾಳಿ ಎಲ್ಲಿಂದ ಸಿಗಬೇಕು? ಏಡಿ ಎಳೆಯಿತು, ಕೊಂಡಿ ಜಾರಿತು. ಮೀನುಗಳು ನೂಕಿದವು, ಆಮೆ ಬಂಡೆಗೆ ಹೋಗಿ ಗುದ್ದಿತು. ಕಡಲಮ್ಮನಿಗೆ ಮುತ್ತಿದೆ, ಹವಳವಿದೆ, ಕೈಗಳಿಲ್ಲ. ಕೈಗಳಿರುವುದು ದಂಡೆಯ ಮೇಲೆ.

ತಾನಾಗಿ ಹೋಗಿ ಬಾಗಿಲು ಬಡಿಯುವುದೇ? ನಾಳೆ ಹೊಳೆಗಳೆಲ್ಲ ಬಾಯಿಗೆ ಸೆರಗು ಹಿಡಿದು ನಗುವುದಿಲ್ಲವೇ? ಕಡಲಮ್ಮ ಹಿಂದೆ ಮುಂದೆ ನೋಡುತ್ತಿರುವಾಗಲೇ ಆಮೆಯ ಕಾಲುಗಳು ನಿಧಾನವಾದವು.

ಬಿಗುಮಾನವನ್ನು ಅಲ್ಲೇ ಬಿಟ್ಟು ಕಡಲಮ್ಮ ನೆರಿಗೆ ಎತ್ತಿ ಕಟ್ಟಿದಳು. ಲೋಕದ ಮೊದಲನೆಯ ಅಲೆ ಎದ್ದಿತು. ಬಿಳಿ ಅಂಚಿನ ಸೆರಗು ಮರಳಿನ ಮೇಲೆ ಎಳೆಯುತ್ತ, ಓಡಿ ಓಡಿ, ಆಮೆಯನ್ನು ಸೋಮಕ್ಕನ ಅಂಗಳದಲ್ಲಿ ಇಳಿಸಿದಳು.

"ಸೋಮಕ್ಕ, ನಿನಗೆ ಕೈಗಳಿವೆ. ಬೇಗ."

ಸೋಮಕ್ಕ ಏನು ಎತ್ತ ಕೇಳಲಿಲ್ಲ. ಬಿಗಿಯಾದ ಬಳೆ ತೆಗೆಯುವಾಗ ಮಾಡುವಂತೆ ಕೊಬ್ಬರಿಎಣ್ಣೆ ಸುರಿದು, ಮೆಲ್ಲಗೆ ತಿರುಗಿಸಿ ಎಳೆದಳು. ಪುಸಕ್ಕೆಂದು ಡಬ್ಬಿ ಕೈಗೆ ಬಂತು. ಆಮೆ ಒಂದು ಉಸಿರು ಎಳೆದು, ಸೀನಿದ ರಭಸಕ್ಕೆ ಮಂಕಾಳನ ಮೀಸೆ ತುಂಬ ಮರಳಾಯಿತು.

ಮಂಕಾಳ ಡಬ್ಬಿಯನ್ನು ಒರೆಸಿ ನೋಡಿದ. "ಒಂದು ಗೀರೂ ಬಿದ್ದಿಲ್ಲ ಕಾಣು."

"ಅದರ ಮುಚ್ಚಳ ನಿಮ್ಮ ಬಾಯಿಗೆ ಹಾಕಬೇಕು," ಎಂದಳು ಸೋಮಕ್ಕ.

ಕಡಲಮ್ಮ ಏದುಸಿರು ಬಿಡುತ್ತ ಅಂಗಳದ ಅಂಚಿನಲ್ಲೇ ಕುಳಿತಳು. "ಪಾಯಸ ಕಳಿಸಬೇಡ ಎನ್ನಲಿಲ್ಲ ಸೋಮಕ್ಕ. ಖಾಲಿ ಡಬ್ಬಿ ಎಸೆದು ಮೀನಿಗೆ ಕಾಯುವುದು, ಇದು ಯಾವ ಸೀಮೆಯ ನೆರೆಹೊರೆ?"

ಸೋಮಕ್ಕನ ತಲೆ ತಗ್ಗಿತು. ಹಿಂದೆ ನಿಂತ ಕೇರಿಯವರೂ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡರು. ಇನ್ನು ಪಾಯಸ ಎಲೆಯಲ್ಲೇ, ಡಬ್ಬಿ ನಮ್ಮ ಅಟ್ಟದಲ್ಲೇ ಎಂದು ಮಾತಾಯಿತು. ಹೊಸ ಡಬ್ಬಿ ಮಾಡುವುದನ್ನು ಬಿಟ್ಟು, ಬಂದದ್ದನ್ನು ಎತ್ತಿಡುವ ಕೆಲಸ ಮಂಕಾಳನ ಪಾಲಿಗೆ ಬಿತ್ತು. ಮೀನು ಬೇಕಾದವರು ದೋಣಿ ಹತ್ತಿ ತಾವೇ ಬೆವರು ಸುರಿಸಬೇಕಾಯಿತು. ಹೊಟ್ಟೆಯಲ್ಲಿ ಉಳಿದ ಡಬ್ಬಿಗಳನ್ನು ಏನು ಮಾಡಲಿ ಎಂದು ಕಡಲಮ್ಮ ಕೇಳಿದಾಗ ಸೋಮಕ್ಕ, "ತಂದುಕೊಡು, ಇಸಿದುಕೊಳ್ಳಲು ನಾವಿದ್ದೇವೆ," ಎಂದಳು.

ಆ ಮಾತು ನಂಬಿ ಕಡಲಮ್ಮ ಇಂದಿಗೂ ತರುತ್ತಲೇ ಇದ್ದಾಳೆ, ಬರಿದಾಗಿ ಕೊಡಲು ಮನಸ್ಸು ಬಾರದೆ ಒಳಗೊಂದು ಹಿಡಿ ಮರಳು ಹಾಕಿ. ಅದಕ್ಕೇ ಮಗೂ, ಅಲೆ ಓಡಿ ಬಂದು ನಿನ್ನ ಕಾಲ ಬಳಿ ಡಬ್ಬಿಯನ್ನೋ ಬಾಟಲಿಯನ್ನೋ ಇಟ್ಟರೆ ಎತ್ತಿಕೊಂಡುಬಿಡು. ಇಲ್ಲದಿದ್ದರೆ ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಕಡಲಮ್ಮ ಅದನ್ನು ಹೊತ್ತು ಹಿಂದೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ, ಮತ್ತೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ.